ನಾಲ್ಕನೇ ಪುಟ

ಶಾಲೆಯ ಬಸ್ಸು ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಗೋಡೆಗೆ ಬಡಿದು ನಿಂತು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಹೆಡ್ಮಾಸ್ಟರು ಆಗಲೇ ಕಪಾಟಿನಿಂದ ನೀಲಿ ಫೈಲು ತೆಗೆದಿದ್ದರು. ಮೇಲೆ ದಪ್ಪಕ್ಷರದಲ್ಲಿ ‘ಆಪತ್ಕಾಲದ ಸಂವಹನ ಯೋಜನೆ’ ಎಂದಿತ್ತು. ಅದನ್ನು ಟೈಪ್ ಮಾಡಿದವಳು ಶಾಲೆಯ ಗುಮಾಸ್ತೆ. ಬಸ್ಸು ಓಡಿಸುತ್ತಿದ್ದವನು ಅವಳ ಒಡಹುಟ್ಟಿದ ತಮ್ಮ.

ಮಕ್ಕಳನ್ನೆಲ್ಲ ಬೇರೆ ಗಾಡಿಯಲ್ಲಿ ಶಾಲೆಗೆ ತಂದಾಗಿತ್ತು, ತರಚು ಗಾಯಗಳಷ್ಟೇ. ಗೋಡೆಯ ಏಟನ್ನು ತನ್ನ ಕಡೆಗೇ ತೆಗೆದುಕೊಂಡ ತಮ್ಮ ಮಾತ್ರ ಭುಜದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಮಂಚದ ಪಕ್ಕದಲ್ಲಿ ಪೊಲೀಸಿನವನು ಶಾಲೆ ಏನು ಹೇಳುತ್ತದೋ ಎಂದು ಕಾಯುತ್ತಿದ್ದ.

“ನಾಲ್ಕನೇ ಪುಟ ತೆಗೀರಮ್ಮ,” ಎಂದರು ಹೆಡ್ಮಾಸ್ಟರು. “ತಾರೀಖು, ಜಾಗ ತುಂಬಿ, ಗೇಟಿನ ಹತ್ರ ಓದಿ. ಒಂದಕ್ಷರ ಹೆಚ್ಚುಕಮ್ಮಿ ಆಗಬಾರದು.”

ಆ ಪುಟದಲ್ಲಿ ‘ಚಾಲಕನ ಅಜಾಗರೂಕತೆಯಿಂದ ನಮ್ಮ ಬಸ್ಸು ಅಪಘಾತಕ್ಕೀಡಾಗಿದೆ. ಅವನನ್ನು ಕೆಲಸದಿಂದ ತೆಗೆದುಹಾಕಲಾಗಿದೆ’ ಎಂದಿತ್ತು. ಖಾಲಿ ಬಿಟ್ಟಿದ್ದು ತಾರೀಖಿಗೆ, ಜಾಗಕ್ಕೆ ಮಾತ್ರ. ತಪ್ಪು ಯಾರದೆಂಬುದಕ್ಕೆ ಖಾಲಿ ಜಾಗ ಬೇಕಿರಲಿಲ್ಲ.

ಹೋದ ವರ್ಷ ಅವಳು ಅದನ್ನು ಟೈಪ್ ಮಾಡುವಾಗ, ಬಸ್ಸಿನ ಕೀಲಿ ಕೊಡಲು ಬಂದ ತಮ್ಮ ಬಗ್ಗಿ ಓದಿ ನಕ್ಕಿದ್ದ. “ಏನಕ್ಕಾ, ಬಸ್ಸು ಶೆಡ್ಡಲ್ಲಿ ನಿಂತಿದೆ. ತಪ್ಪು ಮಾತ್ರ ಆಗ್ಲೇ ನನ್ನ ತಲೆ ಮೇಲೆ ಕೂತಿದೆ.”

“ಸುಮ್ನಿರೋ, ಇದು ಬರೀ ನಮೂನೆ,” ಎಂದು ಗದರಿದ್ದಳು. ಈಗ ಆ ಮಾತು ನೆನೆದು ಅವಳಿಗೆ ತನ್ನ ಮೇಲೇ ಮೈಯೆಲ್ಲ ಉರಿಯಿತು.

ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂದು ಪ್ರತಿ ಸಭೆಯಲ್ಲೂ ಹೇಳುತ್ತಿದ್ದ ಮನುಷ್ಯ ಈ ಹೆಡ್ಮಾಸ್ಟರು. ನಿಜ, ಬಾವಿ ಮುಂಚೆಯೇ ತೋಡಿದ್ದರು. ಆದರೆ ಬೆಂಕಿ ಆರಿಸುವುದಕ್ಕಲ್ಲ, ಯಾರನ್ನು ಆ ಬಾವಿಗೆ ತಳ್ಳಬೇಕೆಂದು ಮೊದಲೇ ಗೊತ್ತುಮಾಡಿಕೊಂಡು.

ಅವಳು ಕಪಾಟಿನ ಕೆಳಗಿನ ಅರೆಯಿಂದ ಮೂರು ಕಾಗದ ತೆಗೆದಳು. ಮೂರರಲ್ಲೂ ತಮ್ಮನ ಸೊಟ್ಟ ಅಕ್ಷರದಲ್ಲಿ ಒಂದೇ ದೂರು: ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ. ಕೊನೆಯದು ಕಳೆದ ಸೋಮವಾರದ್ದು. ಮೂರರ ಕೆಳಗೂ ಕಚೇರಿಯ ಮೊಹರು, ಅದರ ಪಕ್ಕ ಹಸಿರು ಇಂಕಿನಲ್ಲಿ ಹೆಡ್ಮಾಸ್ಟರ ಒಂದೇ ಪದ: ‘ನೋಡೋಣ’.

“ಸಾರ್, ಇದನ್ನೂ ಓದ್ಲಾ?”

“ಅದೆಲ್ಲ ಒಳಗಿನ ವಿಷಯ. ಶಾಲೆ ಹೆಸರು ಉಳೀಬೇಕಲ್ಲ. ನಿಮ್ಮ ತಮ್ಮನಿಗೆ ಬೇರೆ ಎಲ್ಲಾದ್ರೂ ಕೆಲಸ ನೋಡೋಣ.”

ಆ ‘ನೋಡೋಣ’ ಕಿವಿಗೆ ಬಿದ್ದದ್ದೇ ತಡ, ಅವಳು ನಾಲ್ಕನೇ ಪುಟವನ್ನು ಮೇಜಿನ ಮೇಲೆ ಒಗೆದು ಹೊರಟಳು.

ಗೇಟಿನ ಬಳಿ ತಂದೆತಾಯಂದಿರು ಕಂಬಿ ಹಿಡಿದು ನಿಂತಿದ್ದರು. ಅವಳು ಮೂರೂ ಕಾಗದಗಳನ್ನು ತಾರೀಖಿನ ಸಮೇತ ಗಟ್ಟಿಯಾಗಿ ಓದಿದಳು. ಮೂರು ‘ನೋಡೋಣ’ಗಳನ್ನೂ ಬಿಡಲಿಲ್ಲ. ಹೆಡ್ಮಾಸ್ಟರು ಏದುಸಿರು ಬಿಡುತ್ತ ಬಂದು, “ಇದು ಯೋಜನೇಲಿಲ್ಲ,” ಎಂದರು.

ಹಣೆಗೆ ಪಟ್ಟಿ ಕಟ್ಟಿದ್ದ ಮಗುವನ್ನು ಎತ್ತಿಕೊಂಡ ತಾಯಿಯೊಬ್ಬಳು ಮುಂದೆ ಬಂದಳು. “ಈ ಕಾಗದ ಬಂದಾಗ ತಗೊಂಡೋರು ಯಾರು?”

ಈ ಪ್ರಶ್ನೆಗೆ ಗುಮಾಸ್ತೆ ಸಿದ್ಧಳಾಗಿರಲಿಲ್ಲ.

“ನಾನೇ. ಮೊಹರು ಒತ್ತಿ ಕಪಾಟಲ್ಲಿಟ್ಟಿದ್ದು ನಾನೇ. ಮೂರು ಸಲಾನೂ.”

“ದಿನಾ ಸಂಜೆ ನಿಮ್ಮ ಕಣ್ಣೆದುರೇ ನನ್ನ ಮಗು ಆ ಬಸ್ಸು ಹತ್ತುತ್ತಿತ್ತು,” ಎಂದಳು ಆ ತಾಯಿ.

ಗುಮಾಸ್ತೆ ಕಂಬಿಯ ಸಂದಿನಿಂದ ಕಾಗದಗಳನ್ನು ಅವಳ ಕೈಗಿತ್ತಳು. “ಪೊಲೀಸರಿಗೆ ಕೊಡಿ. ಹೆಡ್ಮಾಸ್ಟರ ಹೆಸರಿನ ಜೊತೆ ನನ್ನ ಹೆಸರೂ ಬರೆಸಿ.”