ಟವೆಲ್ಲಿನ ಕೆಳಗೆ

ಕುರಿಯ ಬೆನ್ನಿಗೆ ಬಳಿದ ಕೆಂಪು ಬಣ್ಣ ಇನ್ನೂ ಒಣಗಿಲ್ಲ, ಪಕ್ಕದ ಕುರಿ ಉಜ್ಜಿಕೊಂಡು ಅದಕ್ಕೂ ಹತ್ತುತ್ತಿದೆ, ಮಾರಿದ್ದು ಯಾವುದು ಮಾರದ್ದು ಯಾವುದು ಅಂತ ಆಮೇಲೆ ಜಗಳ, ಎರಡನ್ನೂ ಬೇರೆ ಬೇರೆ ಕಟ್ಟಬೇಕು, ಕಟ್ಟುತ್ತೇನೆ, ಅದಕ್ಕೂ ಮೊದಲು ಹೇಳಬೇಕು, ಯಜಮಾನರು ಓಬಳೇಶಪ್ಪನವರು ಬೇವಿನ ಮರದ ಕೆಳಗೆ ಒಬ್ಬರೇ ಟೀ ಕುಡಿಯುತ್ತಿದ್ದಾರೆ, ಹಿರಿಯೂರು ಸಂತೆಯಲ್ಲಿ ದಲ್ಲಾಳಿ ಒಬ್ಬನೇ ಸಿಗುವುದು ಈ ಹೊತ್ತಿನಲ್ಲಿ ಮಾತ್ರ — ಬಾಯಿ ಬಿಡಬ್ಯಾಡ ಅಂಜನ್, ಆಸ್ಪತ್ರೇಲಿ ನೋಡಾತಂಕ ಸುಮ್ನಿರು, ಊರೆಲ್ಲ ಹುಚ್ಚ ಅಂತಾರೆ ಅಂದಳು ರಮ್ಯಕ್ಕ. ಅವಳ ಮಗನನ್ನು ಬೆಂಗಳೂರಿನಲ್ಲಿ ತೋರಿಸಿದಾಗ ಡಾಕ್ಟರು ಆಟಿಸಂ ಅಂದರಂತೆ, ಮನೆಯಲ್ಲಿ ಇನ್ನು ಯಾರಾದರೂ ಹೀಗಿದ್ದಾರಾ ಅಂತ ಕೇಳಿದರಂತೆ, ಅಕ್ಕ ನನ್ನ ಬಗ್ಗೆ ಹೇಳಿದಳಂತೆ, ಹೇಳುತ್ತಾ ಅತ್ತಳಂತೆ, ಇರಬಹುದು, ನೋಡದೆ ಹೇಳಕ್ಕಾಗಲ್ಲ, ಯುಗಾದಿ ಆದ ಮೇಲೆ ಕರ್ಕೊಂಡು ಬನ್ನಿ ಅಂದರಂತೆ. ಇರಬಹುದು. ಅಷ್ಟೇ ನನ್ನ ಹತ್ತಿರ ಇರುವುದು. ಯುಗಾದಿ ದೂರ ಇದೆ, ಈ ಸಂತೆ ಇವತ್ತೇ ಮುಗಿಯುತ್ತದೆ, ಈ ಸಂತೆ ಆಗ್ಲಿ ನಿಂದು ಇತ್ಯರ್ಥ ಮಾಡ್ತೀನಿ ಅಂದಿದ್ದಾರೆ ಯಜಮಾನರು.

ಹಲ್ಲು ನೋಡಿ ವಯಸ್ಸು ಹೇಳುವುದು, ಬೆನ್ನು ಒತ್ತಿ ಮಾಂಸ ಹೇಳುವುದು, ಕಟ್ಟುವುದು, ಬಣ್ಣ ಬಳಿಯುವುದು, ನನ್ನ ಕೆಲಸ ಇಷ್ಟೇ ಇತ್ತು, ಕೈ ಹಿಡಿದು ಬೆಲೆ ಕುದುರಿಸುವುದು ಯಜಮಾನರದು, ಟವೆಲ್ ಮುಚ್ಚಿ, ಕೊಳ್ಳುವವನ ಬೆರಳು, ಆಮೇಲೆ ಮಾರುವವನ ಬೆರಳು, ಬಾಯಲ್ಲಿ ಮಳೆ ಬೆಳೆ ಮಾತು, ಬೆಲೆ ಮಾತ್ರ ಬೆರಳಲ್ಲಿ, ಹೋದ ತಿಂಗಳು ಒಂದು ಸಂತೆಯ ದಿನ ಅವರಿಗೆ ಜ್ವರ ಬಂತು, ನೀನೇ ಹಿಡಿಯೋ ಅಂದರು, ಕೊಳ್ಳಲು ಬಂದ ಚಿತ್ರದುರ್ಗದ ಗೌಸ್ ಪೀರ್ ಸಾಹೇಬರು ನನ್ನ ಬೆರಳು ಒತ್ತಿದರು, ಮೂರು ಬೆರಳು, ಮೂರು ಸಾವಿರ, ಆಮೇಲೆ ಅರ್ಧ ಅನ್ನುವುದಕ್ಕೆ ಹೆಬ್ಬೆರಳಿನಿಂದ ಅಂಗೈ ಗೀರಿದರು, ಆ ಹೆಬ್ಬೆರಳು — ಒಂದು ಹುಳ ತೋಳೊಳಗೆ ಹತ್ತಿ ಕುತ್ತಿಗೆಗೆ ಬಂದ ಹಾಗೆ, ಕೈ ಕಿತ್ತುಕೊಂಡೆ, ಟವೆಲ್ ಬಿತ್ತು, ಯತ್ತಪ್ಪಣ್ಣ, ಮೂರೂವರೆ ಅಂತಿದಾರೆ, ಸಾಕಾ ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದೆ. ಮಾರಲು ಬಂದ ಯತ್ತಪ್ಪ ನೆಲ ನೋಡಿದ. ಆಮೇಲೆ ಯಾರೂ ಮೂರೂವರೆಗಿಂತ ಕಡಿಮೆಗೆ ಕುರಿ ಕೊಡಲಿಲ್ಲ. ಏನಪ್ಪ ಓಬಳೇಶಪ್ಪ, ನಿನ್ನಾಳು ಕೈ ಹಿಡಿದ್ರೆ ಹೊಸ ಮದ್ಲಗಿತ್ತಿ ಎಳ್ಕಂಡಂಗೆ ಎಳ್ಕಂತಾನಲ್ಲ, ಅಂತ ನಕ್ಕರು ಸಾಹೇಬರು, ನಗುತ್ತಲೇ ಲಾರಿ ಹತ್ತಿದರು, ಆಮೇಲೆ ಬರಲಿಲ್ಲ. ಯಜಮಾನರು ನಗಲಿಲ್ಲ. ಬೆಲೆ ಕೂಗಾಕೆ ಬೇರೆ ದಲ್ಲಾಳಿ ಹತ್ರ ಏನ್ ತಗಂಡ್ಯೋ, ಅಂದರು. ಬೈಯಲಿಲ್ಲ, ಕೇಳಿದರು, ಅದೇ ಹೋಗುತ್ತಿಲ್ಲ ತಲೆಯಿಂದ.

ಹೇಳದಿದ್ದರೆ ಕಳ್ಳ. ಹೇಳಿ, ಯುಗಾದಿಯಾದ ಮೇಲೆ ಡಾಕ್ಟರು ಏನೂ ಇಲ್ಲ ಅಂದರೆ ಸುಳ್ಳ, ಕಳ್ಳನೂ ಹೌದು. ಕಾಲು ನಡೆಯುತ್ತಿದೆ, ಬೇವಿನ ನೆರಳು ಬಂತು, ಯಜಮಾನ್ರೆ ಅಂದೆ, ಕುಂತ್ಕಳಪ್ಪ ಏನು ಅಂದರು, ಕೂರಲಿಲ್ಲ, ನಿಂತೇ ಹೇಳಿದೆ, ಅಕ್ಕನ ಮಗ, ಡಾಕ್ಟರು, ಆಟಿಸಂ, ಹುಟ್ಟಿನಿಂದ ಬರೋದಂತೆ, ಹುಚ್ಚಲ್ಲವಂತೆ, ಮುಟ್ಟಿಸ್ಕಳಾಕೆ ಆಗಲ್ಲವಂತೆ ಕೆಲವರಿಗೆ, ನಂಗೂ ಅದೇ ಇರಬೌದು, ಅದಕ್ಕೇ ಅವತ್ತು ಕೈ ಬಿಟ್ಟೆ, ಯಾರತ್ರಾನೂ ಏನೂ ತಗಳ್ಳಿಲ್ಲ — ಅವರ ಮುಖ ನೋಡಲಿಲ್ಲ, ಲೋಟದ ಅಂಚಿನ ಮೇಲೆ ಕೂತ ನೊಣ ನೋಡುತ್ತಾ ಹೇಳಿದೆ, ನೊಣ ಹಾರಿತು. ಡಾಕ್ಟ್ರು ಬರ್ಕೊಟ್ಟಿದಾರಾ, ಅಂದರು. ಇನ್ನೂ ಇಲ್ಲ. ಅಂದ್ರೆ ನೋಡೇ ಇಲ್ಲ. ಇಲ್ಲ. ದಿನಾ ಕುರಿ ಬಾಯಾಗೆ ಕೈ ಹಾಕ್ತೀಯಲ್ಲೋ, ಅದಕ್ಕೇನೂ ಆಗಲ್ವಾ. ಕುರಿ ಬೇರೆ ಯಜಮಾನ್ರೆ. ಹೆಂಗೆ ಬೇರೆ. ಹೆಂಗೆ ಬೇರೆ ಅಂತ ನನಗೆ ಗೊತ್ತು, ಹೇಳಲು ಬರುತ್ತಿಲ್ಲ, ಕುರಿ ಬೆಲೆ ಕೇಳುವುದಿಲ್ಲ, ಕುರಿಯ ನಾಲಗೆ ನಾಲಗೆಯಷ್ಟೇ — ಅವರು ಲೋಟ ಇಟ್ಟರು, ಹೆಗಲಿನ ಟವೆಲ್ ತೆಗೆದು ಬಲಗೈ ಮೇಲೆ ಹಾಕಿಕೊಂಡು ನನ್ನ ಕಡೆ ಚಾಚಿದರು, ಹಿಡಿ ನೋಡಾನ. ಸಿಟ್ಟಿರಲಿಲ್ಲ ದನಿಯಲ್ಲಿ, ಕರುಣೆಯೂ ಇರಬಹುದು, ಗುರುತಿಸಲು ನನಗೆ ಬರುವುದಿಲ್ಲ. ಹಿಡಿಯದಿದ್ದರೆ ಈ ಕೆಲಸಕ್ಕೆ ಆಗುವವನಲ್ಲ, ಹಿಡಿಯಬಲ್ಲೆ, ಹಲ್ಲು ಕಚ್ಚಿ ಹಿಡಿಯಬಲ್ಲೆ, ಕೆಲಸ ಉಳಿಯಬೇಕು, ಕೈ ತೂರಿಸಿದೆ, ಬಿಸಿ, ಒದ್ದೆ, ಒರಟು, ಕುತ್ತಿಗೆಯವರೆಗೆ ಹತ್ತಿತು, ಬಿಡಲಿಲ್ಲ, ಉಸಿರು ಕಟ್ಟಿ ಹಿಡಿದೆ. ಹಿಡಿದ್ಯಲ್ಲೋ ಅಂಜನ್, ಮತ್ತೆ ಅವತ್ಯಾಕೆ ಬಿಟ್ಟೆ. ಈಗ ಬಿಟ್ಟರೆ ಕೆಲಸ ಹೋಯಿತು — ಹಿಡಿದೇ ಇದ್ದರೆ ಹೇಳಿದ್ದೆಲ್ಲ ಸುಳ್ಳು — ಟವೆಲ್ಲಿನ ಕೆಳಗೆ ಅವರ ಹೆಬ್ಬೆರಳು, ಅಲುಗದೆ, ನನ್ನ ಅಂಗೈಯ ನಡುವೆ, ಹೆಬ್ಬೆರಳು