ಮೆಸೇಜ್ ಬಂದಿತ್ತು

ಎನ್. ಬೇಗೂರಿನ ಆಚೆ ಕಾಡಂಚಿನ ಗಿರಿಜನರ ಹಾಡಿಗೆ ಆನೆ ಬರುವುದು ಹೊಸದಲ್ಲ. ಹೊಸದಾಗಿ ಬಂದದ್ದು ಮೊಬೈಲ್. ಆನೆ ಕಾಡಿನಿಂದ ಹೊರಬಿದ್ದರೆ ಅರಣ್ಯ ಇಲಾಖೆಯಿಂದ ಹಾಡಿಯವರ ಮೊಬೈಲ್ ಗ್ರೂಪಿಗೆ ಮೆಸೇಜ್ ಬರುತ್ತದೆ. ಒಳ್ಳೆಯದೇ. ಆದರೂ ಹೋದ ತಿಂಗಳು ಹಾಡಿಯ ಮಾರ ಸತ್ತ. ಬೆಳಗ್ಗೆ ಏಳಕ್ಕೆ ಶುಂಠಿ ಹೊಲದ ಕೂಲಿಗೆ ಹೊರಟವನನ್ನು ದಾರಿಯಲ್ಲೇ ಆನೆ ತುಳಿಯಿತು.

ಮೊಬೈಲ್ ಬಂದ ಮೇಲೆ ಜನರ ಬದುಕು ಏನಾಗಿದೆ ಎಂದು ತಿಳಿಯಲು ಹುಣಸೂರಿನ ನಿಶತ್ ಎಂಬ ಕಾಲೇಜು ಹುಡುಗಿ ಹಾಡಿಗೆ ಬಂದಿದ್ದಳು. ಮಾರನ ಪಕ್ಕದ ಮನೆಯ ಅರುಣನನ್ನು ಮಾತಾಡಿಸಿದಳು.

"ಆನೆ ಬಂದ್ರೆ ನಿಮಗೆ ಗೊತ್ತಾಗುತ್ತಾ ಅಣ್ಣ?"

"ಆಗದೇನು ಮೇಡಂ. ಎಲ್ಲಾ ಮೊಬೈಲಲ್ಲೇ ಬತ್ತದೆ."

"ಮಾರಣ್ಣ ಹೋದ ದಿನ?"

"ಅವತ್ತೂ ಮೆಸೇಜ್ ಬಂದಿತ್ತು. ಆರೂವರೆಗೇ ನೋಡ್ದೆ."

"ನೋಡಿ ಏನ್ ಮಾಡಿದ್ರಿ?"

"ಹೆಬ್ಬೆಟ್ಟು ಎತ್ತಿದ ಚಿತ್ರ ಒತ್ತಿ ಕಳಿಸ್ದೆ. ಆಮೇಲೆ ಟೀ ಕುಡ್ದೆ."

ಪಕ್ಕದ ಜಗಲಿಯಲ್ಲಿ ಕೂತಿದ್ದ ಮಾರನ ಹೆಂಡತಿ ಕುಳ್ಳಿ ತಲೆ ಎತ್ತಲಿಲ್ಲ. "ನಮ್ಮನೇಲಿ ಮೊಬೈಲ್ ಇಲ್ಲ ಕಣವ್ವ," ಎಂದಳು. "ಮುಂಚೆ ಆನೆ ಬಂದ್ರೆ ಈ ಅರುಣನ ಅಪ್ಪ ಜಗಲೀಲಿ ನಿಂತು ತಗಡು ಬಡೀತಿದ್ದ. ಆ ಸದ್ದು ಕೇಳುದ್ರೆ ನಮ್ಮೋರು ಮನೆ ಬುಟ್ಟು ಕದಲ್ತಿರ್ಲಿಲ್ಲ."

ಅರುಣನಿಗೆ ರೇಗಿತು. "ಈ ಕಾಲ್ದಲ್ಲಿ ತಗಡು ಬಡುದ್ರೆ ನಗ್ತಾರೆ ಬುಡು ದೊಡ್ಡವ್ವ. ಎಲ್ರಿಗೂ ಮೆಸೇಜ್ ಬತ್ತದಲ್ಲ."

"ಎಲ್ರಿಗೂ ಅಂದ್ರೆ ಯಾರಿಗೆ ಅಣ್ಣ?" ನಿಶತ್ ಕೇಳಿದಳು. "ನಾನು ಮನೆ ಮನೆ ವಿಚಾರಿಸ್ದೆ. ಒಂಬತ್ತು ಮನೇಲಿ ಮೊಬೈಲೇ ಇಲ್ಲ. ಇದ್ದೋರಲ್ಲೂ ಕೆಲವರಿಗೆ ಓದೋಕೆ ಬರಲ್ಲ. ಮೊಬೈಲು ನಿಮ್ಮ ತನಕ ಸುದ್ದಿ ತಂತು. ನಿಮ್ಮಿಂದ ಈ ಅಮ್ಮನ ಮನೆಗೆ ಹತ್ತು ಹೆಜ್ಜೆ."

ಹತ್ತು ಹೆಜ್ಜೆಯೂ ಇರಲಿಲ್ಲ. ಅರುಣ ಎರಡು ಮನೆ ನಡುವಿನ ಬೇಲಿಯನ್ನೇ ನೋಡುತ್ತಾ ನಿಂತ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗಾಗಿತ್ತು ಅವನ ಸ್ಥಿತಿ.

ಮುಂದಿನ ವಾರ ಬೆಳಗ್ಗೆ ಮತ್ತೆ ಮೆಸೇಜ್ ಬಂತು. ಅರುಣ ಅಪ್ಪನ ತಗಡನ್ನು ಹುಡುಕಿ ತೆಗೆದು ಜಗಲಿಯಲ್ಲೇ ನಿಂತು ಬಡಿದ. ಯಾರೂ ನಗಲಿಲ್ಲ. ಕೂಲಿಗೆ ಹೊರಟಿದ್ದವರು ಬುತ್ತಿ ಹಿಡಿದುಕೊಂಡೇ ಒಳಗೆ ಹೋದರು.

ಕುಳ್ಳಿ ಬಾಗಿಲಿಗೆ ಬಂದಳು. "ಚೆನ್ನಾಗೇ ಕೇಳ್ತದೆ ಕಣಪ್ಪ," ಎಂದಳು. "ಅವತ್ತು ಬಡ್ದಿದ್ರೂ ಕೇಳ್ತಿತ್ತು."

ಅರುಣನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಬಡಿದ.

ಇದನ್ನು ಓದುತ್ತಿರುವ ಅಣ್ಣ, ಅಕ್ಕಂದಿರೇ, ನಿಮ್ಮ ಮೊಬೈಲಿಗೂ ಇಂಥ ಸುದ್ದಿ ಬರುತ್ತದೆ. ಆನೆಯದಿರಬಹುದು, ಕರೆಂಟ್ ತಂತಿ ಬಿದ್ದದ್ದಿರಬಹುದು. ನೋಡಿ ಸುಮ್ಮನಾಗಬೇಡಿ. ನಿಮ್ಮ ಬೀದಿಯಲ್ಲಿ ಮೊಬೈಲ್ ಇಲ್ಲದ ಮನೆ ಯಾವುದೆಂದು ಇವತ್ತೇ ತಿಳಿದುಕೊಳ್ಳಿ. ಸುದ್ದಿ ಬಂದ ತಕ್ಷಣ ಆ ಮನೆಗೆ ಕೂಗಿ ಹೇಳಿ. ಸಾವಿನ ಮನೆಯಲ್ಲಿ ಕೂತು "ಮೆಸೇಜ್ ಬಂದಿತ್ತು" ಎನ್ನುವ ಗತಿ ನಿಮಗೆ ಬಾರದಿರಲಿ.