ಮರಿಲಿಂಗಮ್ಮನ ಹನ್ನೊಂದು ಪದ

ವನದುರ್ಗದ ಮೌನೇಶ್ವರಿ ಕಿವಿರು ಬಿಡಿಸಿ ನೋಡದೆ ಮೀನು ಕೊಂಡವಳಲ್ಲ. ಮನುಷ್ಯರಿಗೆ ಕಿವಿರು ಇಲ್ಲವಲ್ಲ, ಹಾಗಾಗಿ ಅವರನ್ನು ನಂಬುವ ಗೋಜಿಗೇ ಹೋಗಿರಲಿಲ್ಲ. ಶಹಾಪುರದಲ್ಲಿ ಇಪ್ಪತ್ತು ವರ್ಷ ಮೀನು ಮಾರಿದ ಜೀವ ಅದು. ಈ ದಿನ ಅವಳು ಉಡಿಯಲ್ಲಿ ಕಟ್ಟಿಕೊಂಡು ಶಹಾಪುರದ ಬಸ್ಸು ಹತ್ತಿದ್ದು ಅಂಗೈಯಷ್ಟು ಅಗಲದ ಕರಿಯ ಹಾರ್ಡ್ ಡಿಸ್ಕ್. ಅದರಲ್ಲಿ ಅವಳ ಸತ್ತ ತಾಯಿ ಮರಿಲಿಂಗಮ್ಮ ಹಾಡಿದ ಹನ್ನೊಂದು ಸೋಬಾನೆ ಪದ ಇದ್ದವು. ಯಾದಗಿರಿಯ ವಿಡಿಯೋದವನೊಬ್ಬ ಚಿತ್ರೀಕರಿಸಿ ಇದರಲ್ಲಿ ಹಾಕಿಕೊಟ್ಟು, ತನ್ನ ಬಳಿ ಇದ್ದದ್ದನ್ನು ಅಳಿಸಿಬಿಟ್ಟಿದ್ದ. ಇನ್ನೆಲ್ಲೂ ಅವು ಇರಲಿಲ್ಲ.

ಸೋಮವಾರ ಮಗಳು ಮೌನಿಕಾಳ ಅರಿಷಿಣ. ಅಜ್ಜಿಯ ದನಿ ಕೇಳದೆ ಅರಿಷಿಣ ಹಚ್ಚಿಸಿಕೊಳ್ಳುವುದಿಲ್ಲ ಎಂದು ಹುಡುಗಿಯ ಹಟ. ಹಿಂದಿನ ರಾತ್ರಿ ಮೌನೇಶ್ವರಿ ಡಿಸ್ಕನ್ನು ಟಿವಿಗೆ ಹಚ್ಚಿದಳು: ಏನೂ ಇಲ್ಲ. ಮೊಬೈಲಿಗೆ ಹಚ್ಚಿದಳು: ಅಲ್ಲೂ ಇಲ್ಲ. ಹೋದ ತಿಂಗಳು ವಿಡಿಯೋದಿಂದ ತಾಯಿಯ ಫೋಟೊ ತೆಗೆಸಲೆಂದು ಇದನ್ನು ಶಹಾಪುರದ ಸ್ಟುಡಿಯೋ ಭೀಮಾಶಂಕರನ ಬಳಿ ಒಂದು ದಿನ ಬಿಟ್ಟಿದ್ದಳು. ಅವನೇ ಪದ ಕದ್ದು ಡಬ್ಬಿ ಖಾಲಿ ಮಾಡಿದ್ದಾನೆ!

ಅನುಮಾನಕ್ಕೆ ಕಾರಣವಿತ್ತು. ಉಡಿ ತುಂಬಿಸಿಕೊಳ್ಳದೆ ಪದ ಕೊಡಬಾರದೆಂಬುದು ಮರಿಲಿಂಗಮ್ಮನ ಮನೆಯ ಕಟ್ಟಳೆ. ಕಲಿಯಬಂದವರು ಮೊದಲು ಅವಳ ಉಡಿಗೆ ಅಕ್ಕಿ ಹಾಕಬೇಕು. ಕಕ್ಕೇರಾದ ಹೆಣ್ಣೊಬ್ಬಳು ಒಂದು ಕಾಳೂ ಹಾಕದೆ, ಮದುವೆಯೊಂದರಲ್ಲಿ ಕೇಳಿದ ಪದವನ್ನು ತನ್ನದೆಂದು ಯೂಟ್ಯೂಬಿಗೆ ಏರಿಸಿದ್ದಳು. ಮುದುಕಿ ಅದೇ ಕೊರಗಿನಲ್ಲಿ ಹೋದಳು. ಹಾವು ಕಚ್ಚಿಸಿಕೊಂಡವರ ಮಗಳು ಹಗ್ಗಕ್ಕೂ ಅಂಜಿದರೆ ತಪ್ಪೇನು?

“ತಮ್ಮಾ, ನಮ್ಮವ್ವನ ಪದ ಏನ್ ಮಾಡಿದಿ?” ಸ್ಟುಡಿಯೋ ಹೊಕ್ಕವಳೇ ಕೇಳಿದಳು.

“ಎಲ್ಲಿಗಿ ಹೋಗ್ತಾವ್ರಿ ಅಕ್ಕಾ, ಅದರಾಗೇ ಅದಾವ.” ಭೀಮಾಶಂಕರ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಹಚ್ಚಿದ. ಹನ್ನೊಂದೂ ಸಾಲಾಗಿ ಕಂಡವು. “ಯಾದಗಿರಿಯವ್ರ ಕಂಪ್ಯೂಟರೂ ನಂದೂ ಒಂದೇ ನಮೂನಿ. ಅದಕ್ಕ ಇಲ್ಲಿ ಕಾಣ್ತಾವ. ನಿಮ್ಮ ಟಿವಿಗಿ ಈ ಡಿಸ್ಕ್ ಓದಾಕ ಬರಂಗಿಲ್ರಿ. ಸಾಲಿ ಕಲೀದವ್ರ ಮುಂದ ಪತ್ರ ಇಟ್ಟಂಗ.”

ಮೌನೇಶ್ವರಿ ತಲೆಯಾಡಿಸಿದಳು, ನಂಬಲಿಲ್ಲ. ತನ್ನ ಬಳಿ ಮಾತ್ರ ಪದ ಕಾಣುವಂತೆ ಅವನೇ ಏನೋ ಮಾಡಿರಬೇಕು. ಇಷ್ಟು ಸಲೀಸಾಗಿ ಉತ್ತರ ಬರಬೇಕಾದರೆ ಮೊದಲೇ ಕಟ್ಟಿಟ್ಟಿರಬೇಕು. ಅವನು ಕುರ್ಚಿ ಕೊಟ್ಟ, ಅನುಮಾನ. ಚಹಾ ತರಿಸಿದ, ಇನ್ನೂ ದೊಡ್ಡ ಅನುಮಾನ. ಕಪ್ಪು ಕೈಯಲ್ಲೇ ಆರಿತು.

“ಹತ್ತು ನಿಮಿಷ ಕೂಡ್ರಿ, ಟಿವಿಗಿ ಬರೂವಂಗ ಮಾಡಿ ಕೊಡ್ತೀನಿ,” ಎಂದು ಅವನು ಏನೋ ಒತ್ತಿದ. ಪರದೆಯ ಮೇಲೊಂದು ಪಟ್ಟಿ ಮೆಲ್ಲಗೆ ಬೆಳೆಯತೊಡಗಿತು.

“ಇದೇನ್ ನಡಸೀದಿ?”

“ಪದ ನನ್ನ ಕಂಪ್ಯೂಟರಿಗಿ ಕಾಪಿ ಆಗಾಕತ್ತಾವ್ರಿ.”

ನೋಡಿದಿರಾ, ಕಳ್ಳ ತಾನೇ ಬಾಯಿಬಿಟ್ಟ!

“ಉಡಿ ತುಂಬಲಾರ್ದ ನಮ್ಮವ್ವನ ಪದ ತಗೋತಿಯೇನೋ ಭಾಡ್ಯಾ!” ಮೌನೇಶ್ವರಿ ವೈರು ಹಿಡಿದು ಜಗ್ಗಿದಳು. ಡಿಸ್ಕ್ ಮೇಜಿನಿಂದ ಹಾರಿ ಶಹಾಬಾದಿ ಪರ್ಶಿಯ ನೆಲದ ಮೇಲೆ ಬಿತ್ತು.

ಭೀಮಾಶಂಕರ ಅದನ್ನೆತ್ತಿ ಮತ್ತೆ ಹಚ್ಚಿದ. ಒಳಗೆ ಕಟ್, ಕಟ್ ಎಂದಿತು. ಇನ್ನೊಂದು ಕಂಪ್ಯೂಟರಿಗೆ ಹಚ್ಚಿದ. ಅಲ್ಲೂ ಅದೇ ಸದ್ದು.

“ಟಿವಿಗಿ ಬರಬೇಕಂದ್ರ ಡಿಸ್ಕ್ ಪೂರಾ ಅಳಸಿ ಹೊಸದಾಗಿ ಮಾಡಬೇಕ್ರಿ ಅಕ್ಕಾ. ಅಳಸೂಕಿಂತ ಮೊದಲ ಪದ ಇಲ್ಲಿ ಜ್ವಾಪಾನ ಇಡಾಕತ್ತಿದ್ದೆ.” ಅವನು ವೈರು ಕಳಚಿಟ್ಟ. “ಇನ್ನ ಇದು ಏಳಂಗಿಲ್ರಿ.”

“ಎಷ್ಟು ಬಂದಾವ?”

“ಮೂರು.”

ಕಕ್ಕೇರಾದವಳು ಒಂದು ಪದ ಕದ್ದಿದ್ದಳು, ಅದು ಇನ್ನೂ ಬದುಕಿತ್ತು. ತಾನು ಎಂಟನ್ನು ಕೊಂದಿದ್ದಳು. ಮೌನೇಶ್ವರಿ ಪರ್ಶಿಯ ಮೇಲೆ ಕುಸಿದು ಬಾಯಿಬಿಟ್ಟು ಅತ್ತಳು.

ಅವನು ಮೊದಲನೆಯದನ್ನು ಹಚ್ಚಿದ. ಅರಿಷಿಣದ ಪದವೇ. ಮುದುಕಿ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹಾಡತೊಡಗಿದಳು. ಪದ ಮುಗಿಯಿತು.

“ನಿಮಗ ಇವನ್ನ ಬ್ಯಾರೆ ಪೆನ್ ಡ್ರೈವಿನಾಗ ಹಾಕಿ ಕೊಡ್ತೀನ್ರಿ. ಇಲ್ಲಿದ್ದದ್ದು ನಿಮ್ಮ ಮುಂದೇ ಅಳಸ್ತೀನಿ.”

“ಬ್ಯಾಡ!” ಮೌನೇಶ್ವರಿ ಎದ್ದು ನಿಂತು ಸೆರಗು ಒಡ್ಡಿದಳು. “ಬಾಜೂ ಅಂಗಡ್ಯಾಗ ಒಂದು ಹಿಡಿ ಅಕ್ಕಿ ತಂದು ಹಾಕು ತಮ್ಮಾ. ಪದ ನಿನ್ನ ಹಂತ್ಯಾಕೇ ಇರ್ಲಿ. ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲ.”